ಸಭೆಯ ಹಾಲು

ಚೆನ್ನಾಗಿ ಭಾಷಣ ಮಾಡುವುದು ಹೇಗೆ ಎಂದು ಈಗ ಜನ ನನ್ನನ್ನು ಕೇಳಿಕೊಂಡು ಬರುತ್ತಾರೆ. ನನ್ನನ್ನು! ಹೆರಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಗಂಜಿ ತಿರುವಿದ ಸಾವಂತ್ರಮ್ಮನನ್ನು. ಇಡೀ ಜನ್ಮದಲ್ಲಿ ನಾನು ಭಾಷಣಕ್ಕೆಂದು ಕಟ್ಟೆ ಹತ್ತಿದ್ದು ಒಂದೇ ಸಲ, ಆ ಸಲವೂ ಸೋತು ಇಳಿದೆ. ಆದರೂ ಬರುತ್ತಾರೆ. ಕೂರಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿ ಕಳಿಸುತ್ತೇನೆ. ಅದರಲ್ಲಿ ಸಲಹೆ ಎಲ್ಲಿದೆಯೋ ಅವರೇ ಹುಡುಕಿಕೊಳ್ಳಲಿ.

ನಮ್ಮೂರಲ್ಲಿ ಕಟ್ಟೆಯ ಮೇಲೆ ಯಾರಾದರೂ ಭಾಷಣಕ್ಕೆ ನಿಂತರೆ ಯಾರ ಮನೆಯಲ್ಲೂ ಅನ್ನ ಬೇಯುವುದಿಲ್ಲ. ಒಲೆ ಉರಿಯುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ, ಒಳಗಿನ ನೀರು ಮಾತ್ರ ಈಗ ತಾನೇ ಬಾವಿಯಿಂದ ಸೇದಿ ತಂದದ್ದರ ಹಾಗೆ ತಣ್ಣಗೆ ಕೂತಿರುತ್ತದೆ. ಮಾತು ನಿಂತು ಚಪ್ಪಾಳೆ ಬಿದ್ದ ಮೇಲೇ ಗುಳುಗುಳು ಶುರು. ಹುಟ್ಟಿದಾಗಿನಿಂದ ಹೀಗೇ ನೋಡಿಕೊಂಡು ಬಂದ ನಮಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣುವುದಿಲ್ಲ. ಭಾಷಣದ ದಿನ ಹೋಟೆಲಿನವನು ಬೋರ್ಡು ತಿರುಗಿಸಿ ಅವಲಕ್ಕಿ ಮೊಸರು ಎಂದು ಬರೆಯುತ್ತಾನೆ, ಟೀ ಅಂಗಡಿಯವನು ಪಾನಕ ಮಾರುತ್ತಾನೆ. ಹೆಣ್ಣು ಕೊಡುವವರು ಹುಡುಗನಿಗೆ ಕುಡಿತ ಇದೆಯೇ, ಇಸ್ಪೀಟು ಇದೆಯೇ ಎಂದು ವಿಚಾರಿಸಿದ ಮೇಲೆ, ಮನೆಯಲ್ಲಿ ಭಾಷಣ ಮಾಡುವವರು ಯಾರಾದರೂ ಇದ್ದಾರೆಯೇ ಎಂದೂ ಮೆಲ್ಲಗೆ ಕೇಳುತ್ತಾರೆ. ಇಷ್ಟೆಲ್ಲ ಇದ್ದೂ ನಮ್ಮೂರಿನಷ್ಟು ಭಾಷಣ ನಡೆಯುವ ಊರು ಇನ್ನೊಂದಿಲ್ಲ. ಡೈರಿಗೆ ಹೊಸ ತಕ್ಕಡಿ ಬಂದರೆ ಸ್ವಾಗತ ಭಾಷಣ, ಹಳೆಯ ತಕ್ಕಡಿ ಗುಜರಿಗೆ ಹೋದರೆ ಬೀಳ್ಕೊಡುಗೆ ಭಾಷಣ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಸುಮ್ಮನೆ ಹೇಳಿದರೇ ಹಿರಿಯರು.

ಎಲ್ಲಕ್ಕಿಂತ ದೊಡ್ಡದು ಮಾತಿನ ವಾರ. ಊರು ಕಟ್ಟಿದ ನೆನಪಿಗೆ ವರ್ಷಕ್ಕೊಮ್ಮೆ ಏಳು ದಿನ, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಒಬ್ಬರಾದ ಮೇಲೊಬ್ಬರು ಮಾತಾಡುತ್ತಲೇ ಇರುತ್ತಾರೆ. ಮನೆಗೊಬ್ಬರು ಹೋಗಿ ಕೂರಲೇಬೇಕು. ಉಳಿದವರು ತಂಗಳು ತಿಂದು, ಅವಲಕ್ಕಿ ನೆನೆಸಿಕೊಂಡು ಹೇಗೋ ವಾರ ತಳ್ಳುತ್ತಾರೆ. ಬಾಣಂತಿ ಏನು ಮಾಡಬೇಕು? ಹಸಿ ಮೈಯವಳಿಗೆ ತಂಗಳು ಕೊಡುವುದುಂಟೇ? ಬೆಳಗ್ಗೆ ಎಂಟಕ್ಕೆ ಗಂಜಿ ಕುಡಿದವಳು ಮತ್ತೆ ಬಿಸಿ ಎಂಬುದನ್ನು ಕಾಣುವುದು ಸಂಜೆ ಆರಕ್ಕೆ. ಅಷ್ಟರಲ್ಲಿ ಮಗು ಏಳೆಂಟು ಸಲ ಎದೆ ಚೀಪಿರುತ್ತದೆ. ಫ್ಲಾಸ್ಕಿನಲ್ಲಿ ತುಂಬಿಡಬಾರದೇ ಎಂದು ಕೇಳುವ ಬುದ್ಧಿವಂತರಿದ್ದಾರೆ. ಇಪ್ಪತ್ತನಾಲ್ಕು ಹಾಸಿಗೆಗೆ ನಮ್ಮಲ್ಲಿರುವುದು ಎರಡು ಫ್ಲಾಸ್ಕು, ಅದರಲ್ಲೊಂದು ಡಾಕ್ಟರ ಟೀಗೆ.

ಹೋದ ವರ್ಷ ಮಾತಿನ ವಾರದ ಮೂರನೇ ದಿನ ಹನ್ನೊಂದನೇ ಹಾಸಿಗೆಯ ಗಂಗಾಂಬಿಕೆ ಮಗುವನ್ನು ಎತ್ತಿಕೊಂಡಿದ್ದವಳು ನಿಂತಲ್ಲೇ ಕುಸಿದಳು. ಮಗು ನನ್ನ ಕೈಗೆ ಸಿಕ್ಕಿತು, ಅವಳ ತಲೆ ಮಂಚದ ಕಬ್ಬಿಣಕ್ಕೆ ಬಡಿಯಿತು. ಆರು ಹೊಲಿಗೆ. ಹೊಲಿಗೆ ಹಾಕಿದ್ದು ನರ್ಸು, ಏಕೆಂದರೆ ಆ ಹೊತ್ತಿಗೆ ನಮ್ಮ ಡಾಕ್ಟರು ಕಟ್ಟೆಯ ಮೇಲೆ ತಾಯಿ-ಮಗುವಿನ ಪೋಷಣೆ ಎಂಬ ವಿಷಯವಾಗಿ ಎರಡು ಗಂಟೆಯ ಭಾಷಣದ ನಡುವೆ ಇದ್ದರು. ಬಹಳ ಚೆನ್ನಾಗಿ ಮಾತಾಡಿದರಂತೆ.

ಈ ವರ್ಷ ನನ್ನ ಮಗಳು ಇಂದುವಿಗೆ ದಿನ ತುಂಬುವುದು ಸರಿಯಾಗಿ ಮಾತಿನ ವಾರಕ್ಕೇ ಎಂದು ನರ್ಸು ಹೇಳಿದಳು. ಚೊಚ್ಚಲು, ಮೈಯಲ್ಲಿ ರಕ್ತ ಬೇರೆ ಕಡಿಮೆ. ಅಂದು ರಾತ್ರಿಯಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಮಂಚದ ಕಬ್ಬಿಣದ ಸದ್ದು.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ದಿನಾ ಹನ್ನೆರಡರಿಂದ ಒಂದರವರೆಗೆ ಯಾರೂ ಮೈಕು ಮುಟ್ಟಬಾರದು, ಅಷ್ಟೇ. ಅದನ್ನು ಕೇಳಲು ಸಭಾಪತಿ ಶೇಷಾಚಲಪ್ಪನವರ ಬಳಿಗೆ ಹೋದೆ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತಿರುವ ಮನುಷ್ಯ. ಬಹಳ ಮರ್ಯಾದೆಯಿಂದ ಕೂರಿಸಿದರು, ಪಾನಕ ಕೊಟ್ಟರು, ನಿಯಮದ ಪುಸ್ತಕ ತೆಗೆದರು. ಊರಿನ ಯಾವ ಪದ್ಧತಿ ಬದಲಾಗಬೇಕಾದರೂ ಕೇಳುವವರು ಕಟ್ಟೆಯ ಮೇಲೆ ನಿಂತು ಪೂರ್ತಿ ಒಂದು ಗಂಟೆ ಭಾಷಣ ಮಾಡಬೇಕು. ಅಂದರೆ, ಭಾಷಣ ಕಡಿಮೆ ಮಾಡಿ ಎಂದು ಕೇಳುವುದಕ್ಕೂ ಒಂದು ಗಂಟೆ ಭಾಷಣ. ಈ ಮಾತು ಬಾಯಿಂದ ಹೊರಟಾಗ ಅವರಿಗೆ ನಗು ಬರಬಹುದು ಎಂದು ಮುಖ ನೋಡಿದೆ. ಬರಲಿಲ್ಲ.

ಬರೀ ಒಂದು ಗಂಟೆ ಬಾಯಾಡಿಸಿದರೂ ಸಾಲದು. ಹಿಂದೆ ಯಾರೋ ಕಟ್ಟೆ ಹತ್ತಿ ಹರಟೆ ಹೊಡೆದು, ತಾನು ಮಾಡಿದ್ದೂ ಭಾಷಣವೇ ಎಂದು ಸಾಧಿಸಿದ್ದನಂತೆ. ಹರಟೆಗೆ ನಮ್ಮೂರಲ್ಲಿ ಅನ್ನ ನಿಲ್ಲುವುದಿಲ್ಲ, ಅದರ ಪಾಡಿಗೆ ಅದು ಬೇಯುತ್ತದೆ. ಹಾಗಾಗಿ ಅಂದಿನಿಂದ ಕಟ್ಟೆಯ ಪಕ್ಕದಲ್ಲಿ ಒಂದು ಸೀಮೆಎಣ್ಣೆ ಸ್ಟವ್ ಹಚ್ಚಿ ಹಾಲಿಡುತ್ತಾರೆ. ಸಭೆಯ ಹಾಲು ಎಂದೇ ಅದರ ಹೆಸರು. ಹಾಲು ತೆಪ್ಪಗಿದ್ದರೆ ಭಾಷಣ, ಉಕ್ಕಿದರೆ ಹರಟೆ. ಅದನ್ನು ಕಾಯುವುದಕ್ಕೆ ಮುದ್ದುರಂಗ ಎಂಬ ಗುಮಾಸ್ತನಿದ್ದಾನೆ. ಉಕ್ಕಿದರೆ ಎದ್ದು ನಿಂತು ‘ಉಕ್ಕಿತು’ ಎನ್ನಬೇಕು, ಅದೇ ಅವನ ಕೆಲಸ. ಹನ್ನೆರಡು ವರ್ಷದಲ್ಲಿ ಅವನಿಗೆ ಒಮ್ಮೆಯೂ ಏಳುವ ಪ್ರಸಂಗ ಬಂದಿರಲಿಲ್ಲ.

ಹೀಗಾಗಿ ನಾನು ತ್ರಿಯಂಬಕ ಮೇಷ್ಟ್ರ ಹತ್ತಿರ ಹೋದೆ. ಊರಿನ ಅರ್ಧ ಭಾಷಣಕಾರರು ಅವರ ಕೈಯಲ್ಲೇ ತಯಾರಾದವರು, ಸಭಾಪತಿಗಳೂ ಸೇರಿ. ಒಂಟಿ ಜೀವ. ದಿನಾ ಸಂಜೆ ಆಸ್ಪತ್ರೆಯ ಅಡುಗೆಮನೆಗೆ ಬಂದು ಪಾಠ ಹೇಳಿ, ಊಟ ಮಾಡಿಕೊಂಡು ಹೋಗುವುದೆಂದು ಮಾತಾಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹೇಳುತ್ತಾ ಅವರು ಎರಡನ್ನೂ ಒಟ್ಟಿಗೇ ಮುಗಿಸುತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ಪಾಠವೇನೋ ಚೆನ್ನಾಗಿತ್ತು. ಪಾದಗಳ ನಡುವೆ ಒಂದು ಗೇಣು ಬಿಟ್ಟು ನಿಲ್ಲಬೇಕು, ಒಂದೇ ಕಾಲಿನ ಮೇಲೆ ಭಾರ ಹಾಕಿ ಬಾವಿಕಟ್ಟೆಯಲ್ಲಿ ನಿಂತ ಹಾಗೆ ನಿಲ್ಲಬಾರದು. ಸೆರಗಿನ ತುದಿಯನ್ನು ಹಿಂಡಬಾರದು. ಉಸಿರು ಎದೆಯಿಂದಲ್ಲ, ಹೊಟ್ಟೆಯಿಂದ ಬರಬೇಕು. ಹೊಟ್ಟೆಯ ವಿಚಾರವೇ ತಾನೇ ಮೇಷ್ಟ್ರೇ ಎಂದೆ, ಅವರು ತಮಾಷೆ ಬೇಡ ಎಂದರು. ಪೂರ್ತಿ ಬಾಯಿಪಾಠ ಮಾಡಬಾರದು, ಮೊದಲನೆಯ ವಾಕ್ಯ ಮತ್ತು ಕೊನೆಯ ವಾಕ್ಯ ಗಟ್ಟಿ ಇದ್ದರೆ ನಡುವಿನದನ್ನು ದೇವರು ನೋಡಿಕೊಳ್ಳುತ್ತಾನೆ. ಮುಖ್ಯವಾದ ಮಾತು ಬಂದಾಗ ಒಂದು ಗಳಿಗೆ ಸುಮ್ಮನಾಗಬೇಕು, ಜನ ಅದನ್ನು ನುಂಗಿಕೊಳ್ಳಲಿ. ಜನ ನುಂಗುವುದಕ್ಕೆ ಅಂದು ಬೇರೇನೂ ಇರುವುದಿಲ್ಲವಲ್ಲ, ಹಾಗಾಗಿ ಇದು ನನಗೆ ಬಹಳ ಹಿಡಿಸಿತು. ಇನ್ನು ನೋಟ. ಎಲ್ಲರನ್ನೂ ನೋಡಲು ಹೋದರೆ ತಲೆ ತಿರುಗುತ್ತದೆ. ಎಡಕ್ಕೊಂದು, ನಡುವಿಗೊಂದು, ಬಲಕ್ಕೊಂದು ಮುಖ ಆರಿಸಿಕೊಂಡು ಆ ಮೂವರ ಹಣೆಯನ್ನು ನೋಡುತ್ತಾ ಮಾತಾಡಬೇಕು. ಕಣ್ಣನ್ನಲ್ಲ, ಹಣೆಯನ್ನು. ಇದನ್ನು ಮೇಷ್ಟ್ರು ಮೂರು ಸಲ ಹೇಳಿದರು.

ಎಲ್ಲ ಕಲಿತೆ. ಆದರೆ ಹಾಲು ಮಾತ್ರ ನಿಲ್ಲಲೊಲ್ಲದು. ಏಳು ಜನ ಕೇಳುವವರು ಸೇರಿದರೆ ಎಲ್ಲಿ ಮಾತಾಡಿದರೂ ಭಾಷಣದ ಗುಣ ಬರುತ್ತದೆ, ಅದು ಅನುಭವಸ್ಥರಿಗೆ ಗೊತ್ತು. ಆಯಾಗಳು, ದೋಬಿ, ವಾಚ್‌ಮನ್ ಎಲ್ಲರನ್ನೂ ಕೂರಿಸಿ, ಪಕ್ಕದಲ್ಲಿ ಹಾಲಿಟ್ಟು ಅಭ್ಯಾಸ ಮಾಡುತ್ತಿದ್ದೆವು. ಬಾಣಂತಿಗೆ ಹೊತ್ತಿಗೆ ಸರಿಯಾಗಿ ಗಂಜಿ ಬೇಕು ಎಂದು ಬಾಯಿ ತೆಗೆದರೆ ಸಾಕು, ಹಾಲು ಸುರ್‍ರೆಂದು ಮೇಲೇಳುತ್ತಿತ್ತು. ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು. ನಿಮ್ಮ ಮಾತಿನಲ್ಲಿ ಬೆಣ್ಣೆಯೇ ಇಲ್ಲ, ಬರೀ ಮಜ್ಜಿಗೆ ಎನ್ನುತ್ತಿದ್ದರು. ಹನ್ನೆರಡನೆಯ ದಿನ ಅವರೇ ಒಂದು ಕಾಗದದಲ್ಲಿ ಬರೆದು ತಂದರು. ‘ಮಾತೃತ್ವವೆಂಬುದು ಮಹೋನ್ನತವೂ ಅನಿರ್ವಚನೀಯವೂ ಆದ ಒಂದು ತಪಸ್ಸಾಗಿದ್ದು, ಈ ಶುಭಸಂದರ್ಭದಲ್ಲಿ ತತ್ಸಂಬಂಧವಾಗಿ’ ಎಂದು ನಾನು ಓದುತ್ತಿದ್ದ ಹಾಗೆ ಅಂಚಿಗೆ ಬಂದಿದ್ದ ಹಾಲು ಗಪ್ಪನೆ ತಳಕ್ಕೆ ಕೂತಿತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಏಕೆಂದರೆ ಪಕ್ಕದ ಒಲೆಯಲ್ಲಿದ್ದ ವಾರ್ಡಿನ ಸಾರೂ ನಿಂತಿತ್ತು. ಎಲ್ಲರನ್ನೂ ಹೊರಗೆ ಕಳಿಸಿ ಸಾರು ಕುದಿಸಿದೆ.

ನನ್ನ ಸರದಿ ಮಾತಿನ ವಾರಕ್ಕೆ ಎಂಟು ದಿನ ಮೊದಲು ಬಂತು. ಬೆಳಗ್ಗೆ ಹನ್ನೊಂದರಿಂದ ಹನ್ನೆರಡು. ನಿನ್ನ ಭಾಷಣ ನೀನು ಕೇಳಬೇಡ, ಬಿಸಿಲಲ್ಲಿ ಓಡಾಡಬೇಡ, ಮಲಗಿರು ಎಂದು ಇಂದುವಿಗೆ ಗದರಿಸಿ ಬಂದಿದ್ದೆ. ನನ್ನದೇ ಭಾಷಣವನ್ನು ನಿನ್ನ ಭಾಷಣ ಎಂದಿದ್ದೆ, ಅಷ್ಟು ಗಾಬರಿ. ಕಟ್ಟೆಯ ಮುಂದೆ ಸುಮಾರು ಮುನ್ನೂರು ಜನ ಕೂತಿದ್ದರು. ಮುದ್ದುರಂಗ ಸ್ಟವ್ ಹಚ್ಚಿ ಹಾಲಿಟ್ಟ. ನಾನು ಗೇಣು ಬಿಟ್ಟು ನಿಂತೆ, ಹೊಟ್ಟೆಯಿಂದ ಉಸಿರು ತೆಗೆದೆ, ಮಾತೃತ್ವವೆಂಬುದು ಎಂದು ಶುರು ಮಾಡಿದೆ. ಹಾಲು ಅಲುಗಲಿಲ್ಲ. ಸಭಾಪತಿಗಳು ಸಮಾಧಾನದಿಂದ ಕಣ್ಣು ಮುಚ್ಚಿದರು. ಹೀಗೇ ನಲವತ್ತು ನಿಮಿಷ. ನಾನು ಏನು ಹೇಳುತ್ತಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ, ಮೇಷ್ಟ್ರು ಮಾತ್ರ ಭೇಷ್ ಎಂದು ತಲೆಯಾಡಿಸುತ್ತಿದ್ದರು. ಇನ್ನು ಇಪ್ಪತ್ತೇ ನಿಮಿಷ ಇತ್ತು.

ಎಡದ ಹಣೆ ನೋಡಿಯಾಗಿತ್ತು, ನಡುವಿನ ಹಣೆ ನೋಡಿಯಾಗಿತ್ತು. ಬಲಕ್ಕೆ ತಿರುಗಿದರೆ ನಾನು ಆರಿಸಿಕೊಂಡಿದ್ದ ಮುಖ ಎದ್ದು ಹೋಗಿದೆ, ಆ ಜಾಗದಲ್ಲಿ ನಮ್ಮ ಇಂದು ಕೂತಿದ್ದಾಳೆ. ನಡೆದುಕೊಂಡೇ ಬಂದಿದ್ದಾಳೆ. ಕುತ್ತಿಗೆಯ ತುಂಬ ಬೆವರು, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಪೊಟ್ಟಣದ ಒಣ ಅವಲಕ್ಕಿ. ಹಣೆ ನೋಡು ಎಂದು ಮನಸ್ಸು ಹೇಳಿತು. ನಾನು ಕಣ್ಣು ನೋಡಿದೆ.

“ಇಂದೂ, ಯಾಕೆ ಬಂದೆ? ಬರಬೇಡ ಅಂದಿರಲಿಲ್ವಾ ನಾನು?” ಎಂದು ಮೈಕಿನಲ್ಲೇ ಕೇಳಿಬಿಟ್ಟೆ.

ಆಮೇಲೆ ಬಾಯಿ ನಿಲ್ಲಲಿಲ್ಲ. ಆ ಒಣ ಅವಲಕ್ಕಿ ಕೆಳಗಿಡು ಎಂದೆ. ಹೋದ ವರ್ಷ ಗಂಗಾಂಬಿಕೆ ಅಂದು ಮಧ್ಯಾಹ್ನ ತಿಂದಿದ್ದೂ ಅದೇ, ಬಿಸಿ ಗಂಜಿ ಕೊಡಮ್ಮ ಎಂದು ನನ್ನನ್ನು ಮೂರು ಸಲ ಕೇಳಿದ್ದಳು, ಒಲೆ ಮುಂದೆ ಕೂತು ಊದಿ ಊದಿ ಕೊನೆಗೆ ಬರಿಗೈಯಲ್ಲೇ ವಾರ್ಡಿಗೆ ಹೋದೆ, ಅವಳು ಬಿದ್ದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ ಎಂದೆ. ಇವಳೊಬ್ಬಳೇ ಮಗಳು ನನಗೆ, ನನಗೆ ಹೆದರಿಕೆಯಾಗಿದೆ, ನಿಮ್ಮ ಮಾತು ಒಂದು ಗಂಟೆ ನಿಂತರೆ ಊರೇನು ಮುಳುಗುತ್ತದೆಯೇ ಎಂದೆ. ಹೇಳುತ್ತಾ ಅತ್ತೆ. ಸೆರಗು ಹಿಂಡಿದೆ, ಒಂದೇ ಕಾಲಿನ ಮೇಲೆ ನಿಂತೆ. ಮುಂದಿನ ಸಾಲಿನ ಗಂಡಸರು ತಲೆ ತಗ್ಗಿಸಿದರು, ಎಷ್ಟೋ ಹೆಂಗಸರು ಕಣ್ಣೊರೆಸಿಕೊಂಡರು. ಅಕ್ಕಪಕ್ಕದ ಮನೆಗಳಿಂದ ಬೇಳೆ ಬೇಯುವ ವಾಸನೆ ಬಂತು. ಆಗಲೇ ನಾನು ಹಾಲಿನ ಕಡೆ ತಿರುಗಿದ್ದು.

ಮುದ್ದುರಂಗ ಎದ್ದು ನಿಂತಿದ್ದ. ಪಾಪ, ಅವನಿಗೂ ಮನಸ್ಸಿರಲಿಲ್ಲ. ಹಾಲು ಪಾತ್ರೆಯಿಂದ ಇಳಿದು ಸ್ಟವ್ವಿನ ಮೇಲೆ ಚುರುಗುಟ್ಟುತ್ತಿತ್ತು. “ಉಕ್ಕಿತು” ಎಂದು ಯಾರಿಗೂ ಕೇಳಿಸದ ಹಾಗೆ ಹೇಳಿದ.

ಸಭಾಪತಿಗಳು ಎಚ್ಚರವಾಗಿ ಎದ್ದರು. ಶ್ರೀಮತಿಯವರು ಆಡಿದ್ದನ್ನು ಭಾಷಣವೆಂದು ಪರಿಗಣಿಸಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಕೋರಿಕೆ ಬಿದ್ದುಹೋಗಿದೆ ಎಂದು ಸಾಕಷ್ಟು ವಿಸ್ತಾರವಾಗಿ ತಿಳಿಸಿದರು. ಅವರು ತಿಳಿಸುತ್ತಿದ್ದ ಹಾಗೇ ಉಳಿದಿದ್ದ ಹಾಲು ತಣ್ಣಗೆ ಕೂತಿತು, ಬೇಳೆಯ ವಾಸನೆಯೂ ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಮಗಳ ಕೈ ಹಿಡಿದುಕೊಂಡು ಇಳಿದೆ. ಸಂಜೆ ಮೇಷ್ಟ್ರು ಅಡುಗೆಮನೆಗೆ ಬಂದರು. ಎಲ್ಲ ಸರಿಯಿತ್ತು, ಕಣ್ಣು ಯಾಕೆ ನೋಡಿದಿರಿ, ಹಣೆ ಅಂತ ಮೂರು ಸಲ ಹೇಳಿರಲಿಲ್ಲವೇ ಎಂದು ನೊಂದುಕೊಂಡರು. ಆಮೇಲೆ ಊಟ ಮಾಡಿದರು.

ಮಾತಿನ ವಾರದ ಮೊದಲ ದಿನ ಬೆಳಗಿನ ಜಾವವೇ ಇಂದುವಿಗೆ ನೋವು ಶುರುವಾಯಿತು. ಒಂಬತ್ತೂವರೆಗೆ ಹೆರಿಗೆಯಾಯಿತು. ಹೆಣ್ಣು. ಮಗು ಗಟ್ಟಿಯಾಗಿ ಅತ್ತಿತು, ತಾಯಿ ಮಾತ್ರ ಬಿಳಿಚಿಕೊಂಡು ಮಲಗಿದ್ದಳು. ತುಟಿಯಲ್ಲಿ ರಕ್ತವೇ ಇಲ್ಲ. ಬಿಸಿಯಾಗಿ ಏನಾದರೂ ಒಳಗೆ ಹೋಗಲಿ, ಇಲ್ಲದಿದ್ದರೆ ಕಷ್ಟ ಎಂದು ನರ್ಸು ನನ್ನ ಕಿವಿಯಲ್ಲಿ ಹೇಳಿದಳು. ನಾನು ಅಡುಗೆಮನೆಗೆ ಓಡಿ ಅಕ್ಕಿನುಚ್ಚು ಹಾಕಿ ಕೈ ತೊಳೆಯುವಷ್ಟರಲ್ಲಿ ಹತ್ತು ಹೊಡೆಯಿತು. ಕಟ್ಟೆಯ ಮೈಕು ಗೊರಗೊರ ಎಂದಿತು. ಗಂಜಿ ಹಾಗೇ ನಿಂತಿತು.

ಹನ್ನೊಂದರವರೆಗೆ ಕಾದೆ. ಊದಿದೆ, ಸೌದೆ ತಿರುವಿದೆ, ನನಗೆ ಗೊತ್ತಿರುವ ದೇವರನ್ನೆಲ್ಲ ಬೈದೆ. ವಾರ್ಡಿಗೆ ಹೋಗಿ ನೋಡಿದರೆ ಮಗಳು ಕರೆದರೂ ಓಗೊಡದೆ ಬರೀ ಕಣ್ಣು ತೆರೆದಳು. ಮರಳಿ ಬಂದವಳೇ ಗಂಜಿಯ ಪಾತ್ರೆಯನ್ನು ಒಂದು ಕೈಯಲ್ಲಿ, ಸಣ್ಣ ಸ್ಟವ್ವನ್ನು ಇನ್ನೊಂದು ಕೈಯಲ್ಲಿ ಹಿಡಿದು ಕಟ್ಟೆಗೆ ನಡೆದೆ. ಹೋರಾಟ, ಸತ್ಯಾಗ್ರಹ ಎಂದು ಈಗ ಜನ ಏನೇನೋ ಹೆಸರಿಡುತ್ತಾರೆ. ಅಂಥದ್ದೇನೂ ನನ್ನ ತಲೆಯಲ್ಲಿರಲಿಲ್ಲ. ಮಗಳು ಅಲ್ಲಿ ಹಾಗೆ ಬಿದ್ದಿರುವಾಗ ಗಂಜಿಯನ್ನು ನಿಲ್ಲಿಸಿದವನ ಮುಖ ನೋಡಬೇಕಿತ್ತು ನನಗೆ, ಅಷ್ಟೇ.

ಸಭಾಪತಿಗಳು ಅನ್ನದಾನದ ಮಹತ್ವ ಎಂಬ ವಿಷಯವಾಗಿ ಮಾತಾಡುತ್ತಿದ್ದರು. ನಾನು ಸರಿಯಾಗಿ ಅವರ ಮುಂದೆ ಸ್ಟವ್ ಇಟ್ಟು, ಹಚ್ಚಿ, ಪಾತ್ರೆ ಏರಿಸಿ ನೆಲದ ಮೇಲೆ ಕೂತೆ. ಎದುರುಮನೆಯ ಹೆಂಗಸು ಬಾಗಿಲಲ್ಲಿ ನಿಂತು ನೋಡಿದವಳು ಒಳಗೆ ಹೋಗಿ ತನ್ನ ಬೇಳೆಯ ಪಾತ್ರೆ, ಸ್ಟವ್ ತಂದು ನನ್ನ ಪಕ್ಕ ಇಟ್ಟಳು. ಅವಳಾದ ಮೇಲೆ ಇನ್ನೊಬ್ಬಳು. ತಲೆಗೆ ಹೊಲಿಗೆ ಬಿದ್ದಿದ್ದ ಗಂಗಾಂಬಿಕೆ ಒಂದು ವರ್ಷದ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಮಗುವಿನ ರಾಗಿ ಸರಿ ತಂದಳು. ಹೋಟೆಲಿನವನು ಸಾಂಬಾರಿನ ಹಂಡೆಯನ್ನು ಇಬ್ಬರಿಂದ ಹೊರಿಸಿಕೊಂಡು ಬಂದ. ಅರ್ಧ ಗಂಟೆಯಲ್ಲಿ ಅರವತ್ತು ಎಪ್ಪತ್ತು ಒಲೆ. ಎಲ್ಲವೂ ಉರಿಯುತ್ತಿವೆ, ಒಂದೂ ಕುದಿಯುತ್ತಿಲ್ಲ.

ಸಭಾಪತಿಗಳು ಪಳಗಿದ ಆಸಾಮಿ, ಬೆದರಲಿಲ್ಲ. ಎಡಕ್ಕೆ ನೋಡಿದರು, ಅಲ್ಲೊಂದು ಪಾತ್ರೆ. ನಡುವೆ ನೋಡಿದರು, ನಾನು. ಬಲಕ್ಕೆ ಸಾಂಬಾರಿನ ಹಂಡೆ. ಹಣೆಗಳೆಲ್ಲ ಪಾತ್ರೆಯ ಹಿಂದೆ ಬಗ್ಗಿಬಿಟ್ಟಿದ್ದವು. ಮೇಷ್ಟ್ರು ಕಲಿಸಿದ್ದಂತೆ ಮುಖ್ಯವಾದ ಮಾತಿನ ಹತ್ತಿರ ಒಂದು ಗಳಿಗೆ ಸುಮ್ಮನಾದರು. ಅಷ್ಟರಲ್ಲೇ ಅರವತ್ತು ಪಾತ್ರೆಗಳೂ ಒಟ್ಟಿಗೆ ಗುಳುಗುಳು ಎಂದವು. ಮತ್ತೆ ಬಾಯಿ ತೆರೆದರು, ನಿಂತವು. ಅವರ ಜೀವಮಾನದಲ್ಲಿ ಆ ಸದ್ದನ್ನು ಅವರು ಕೇಳಿರಲಿಲ್ಲ ಎಂದು ಕಾಣುತ್ತದೆ, ಮಾತಾಡುವವರಿಗೆ ಅಡುಗೆಮನೆ ದೂರವಲ್ಲವೇ. ಇನ್ನೊಮ್ಮೆ ನಿಲ್ಲಿಸಿ ನೋಡಿದರು. ಗುಳುಗುಳು. ಮತ್ತೊಮ್ಮೆ ಶುರು ಮಾಡಿದರು. ಮೌನ. ಮೂರನೆಯ ಸಲ ಕೈಯಲ್ಲಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟರು. ಕನ್ನಡಕ ತೆಗೆದರು. ನೋಡನೋಡುತ್ತಿದ್ದಂತೆ ಆ ಮುಖಕ್ಕೆ ವಯಸ್ಸಾಯಿತು.

“ನನಗೂ ಹಸಿವಾಗಿದೆ ಕಣಮ್ಮ,” ಎಂದರು. ಮೈಕಿನಿಂದ ಬಂದರೂ ಅದು ಬೇರೆಯದೇ ದನಿ. “ನಮ್ಮನೆಯೋಳು ಹೋಗಿ ನಾಲ್ಕು ವರ್ಷ ಆಯ್ತು. ನಮ್ಮನೇಲಿ ಒಲೆ ಹಚ್ಚೋರೇ ಇಲ್ಲ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನಾನು.”

ಮೊದಲು ಉಕ್ಕಿದ್ದು ಸಭೆಯ ಹಾಲು. ಆಮೇಲೆ ಎಲ್ಲವೂ. ಮುದ್ದುರಂಗ ಎದ್ದು ‘ಉಕ್ಕಿತು’ ಎಂದ, ಈ ಸಲ ಊರಿಗೆಲ್ಲ ಕೇಳುವ ಹಾಗೆ. ಸಭಾಪತಿಗಳು ಅಲ್ಲಿಗೇ ನಿಲ್ಲಿಸಲಿಲ್ಲವಂತೆ. ಹೆಂಡತಿ ಮಾಡುತ್ತಿದ್ದ ಹುರುಳಿ ಸಾರಿನ ಬಗ್ಗೆ, ತಾನು ಕಟ್ಟೆಯ ಮೇಲಿದ್ದಾಗ ಅವಳು ಒಲೆ ಮುಂದೆ ಕಾದು ಕಾದು ಮಲಗಿಬಿಡುತ್ತಿದ್ದದ್ದರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರಂತೆ. ಜನ ಅಲ್ಲೇ ಎಲೆ ಹಾಕಿಕೊಂಡು ಉಣ್ಣುತ್ತಾ ಕೇಳಿದರಂತೆ, ಅವರಿಗೂ ಒಂದು ಎಲೆ ಹಾಕಿದರಂತೆ. ನಿಯಮವೇನೂ ಬದಲಾಗಲಿಲ್ಲ. ಮರುದಿನದಿಂದ ಹನ್ನೆರಡು ಹೊಡೆದ ಕೂಡಲೇ ಹೆಂಗಸರು ಒಲೆ ಹೊತ್ತುಕೊಂಡು ಕಟ್ಟೆಗೆ ಬರುತ್ತಿದ್ದರು, ಬಂದದ್ದನ್ನು ಕಂಡ ಕೂಡಲೇ ಭಾಷಣಕಾರರು ಕೂತುಬಿಡುತ್ತಿದ್ದರು. ಇದನ್ನೆಲ್ಲ ಆಮೇಲೆ ಬೇರೆಯವರಿಂದ ಕೇಳಿದ್ದು. ಅಂದು ಗಂಜಿ ಉಕ್ಕಿದ ಕೂಡಲೇ ನಾನು ಕುದಿಯುವ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಓಡುತ್ತಿದ್ದೆ. ಕೈ ಸುಟ್ಟದ್ದು ಆಗ ಗೊತ್ತಾಗಲಿಲ್ಲ.

ಇಂದುವಿನ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಚಮಚದಲ್ಲಿ ಕುಡಿಸಿದೆ. ಮೊದಲ ನಾಲ್ಕು ಚಮಚ ಕಟಬಾಯಿಯಿಂದ ಹೊರಗೇ ಬಂತು. ಐದನೆಯದು ಒಳಗೆ ಹೋಯಿತು. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ತುಟಿಗೆ ಸ್ವಲ್ಪ ಬಣ್ಣ ಬಂತು. ಹೊರಗೆ ಮೈಕಿನ ದನಿ ಕೇಳುತ್ತಲೇ ಇತ್ತು, ಬಟ್ಟಲಿನಿಂದ ಹಬೆಯೂ ಏಳುತ್ತಲೇ ಇತ್ತು. ಅವಳಿಗೆ ಅರ್ಥವಾಗಲಿಲ್ಲ.

“ಯಾರಮ್ಮ ಮಾತಾಡ್ತಿರೋದು?”

“ಸಭಾಪತಿಗಳು.”

“ಏನಂತೆ?”

“ಹಸಿವಾಗಿದೆಯಂತೆ.”

ಇಂದು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. “ಅಷ್ಟು ಹೇಳೋಕೆ ಇಪ್ಪತ್ತೆರಡು ವರ್ಷ ಬೇಕಾಯ್ತಾ,” ಎಂದು ಬಟ್ಟಲನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡಳು. ನಾನು ಗೋಡೆಗೆ ಒರಗಿ ಕೂತು, ಅವಳು ಕುಡಿಯುವುದನ್ನು ನೋಡುತ್ತಾ ಅತ್ತೆ.